ಆವಿ ಕಣ್ಣಿಗೆ ಕಾಣಂಗಿಲ್ಲ

ಸ್ಪಿರಿಟ್ ಕಾರ್ಖಾನೆಯಲ್ಲಿ ನಾನು ಕಾರಕೂನನಾಗಿದ್ದಾಗ, ಕಲ್ಲೋಳಿಯಿಂದ ಸೈಕಲ್ ಮೇಲೆ ಬರುವ ಹಿರಿಯ ಎಲೆಕ್ಟ್ರಿಷಿಯನ್ ಒಬ್ಬರಿದ್ದರು. ಪಂಪ್‌ಮನೆಯ ಬಾಗಿಲಲ್ಲಿ ಮ್ಯಾನೇಜರ್ ಸಾಹೇಬರ ಜೇಬಿನಿಂದಲೂ ಕಡ್ಡಿಪೆಟ್ಟಿಗೆ ತೆಗೆಸಿ, “ಸ್ಪಿರಿಟ್ ಆವಿ ಕಣ್ಣಿಗೆ ಕಾಣಂಗಿಲ್ರಿ” ಎನ್ನುತ್ತಿದ್ದರು.

ಮೋಟಾರಿನ ವೇಗ ತಗ್ಗಿಸುವ ಡ್ರೈವ್ ಎಂಬ ಸಾಧನ ಬಂದ ದಿನ ಸಾಹೇಬರು ಅದನ್ನು ಪಂಪಿನ ಹಳೆಯ ಮೋಟಾರಿಗೇ ಜೋಡಿಸಿ ನಡೆಸಿದರು. ಎಲೆಕ್ಟ್ರಿಷಿಯನ್ ಬೇಡವೆಂದರು.

“ಮೋಟಾರ್ ಸಾವಕಾಶ ತಿರುಗಿದ್ರ ಅದರ ಫ್ಯಾನೂ ಸಾವಕಾಶ ತಿರುಗತೈತ್ರಿ. ಮೈ ಕಾಯತೈತಿ. ಆವಿಗೆ ಬೆಂಕಿ ಹತ್ತಾಕ ಅಷ್ಟ ಸಾಕು.”

“ಎಷ್ಟ ಕಾದೈತಿ, ಮುಟ್ಟಿ ಹೇಳ್ರಿ” ಎಂದರು ಸಾಹೇಬರು.

ಇವರು ಬಲಗೈ ಬಿಚ್ಚಿ ತೋರಿಸಿದರು. ಅಂಗೈ ತುಂಬ ಹಳೆಯ ಸುಟ್ಟ ಕಲೆ.

“ಹಿಂದಿನ ಕಾರ್ಖಾನಿ ಬೆಂಕಿಯೊಳಗ ಸುಟ್ಟಿದ್ರಿ ಇದು. ಬಿಸಿ ತಿಳಿಯಂಗಿಲ್ಲ. ನೀವ ಕೈ ಇಟ್ಟು ನೋಡ್ರಿ.”

ಸಾಹೇಬರು ಕೈ ಇಡಲಿಲ್ಲ. ತಾವೇ ಹೊರಗೆ ಹೋಗಿ ಅಲ್ಲಿದ್ದ ಸ್ವಿಚ್ಚಿನಿಂದ ಮೋಟಾರ್ ಬಂದ್ ಮಾಡಿದರು.