ಇಂದ್ರಮ್ಮ ಹಿಮ್ಮಡಿಗೆ ಹಚ್ಚಿಕೊಂಡ ಎಣ್ಣೆ

ಬೆಳಿಗ್ಗೆ ಆಸ್ಪತ್ರೆಯ ಬಾಗಿಲು ತೆಗೆದ ಕೂಡಲೇ ಇಂದ್ರಮ್ಮ ಒಂದು ಹಂಡೆ ನೀರು ಕಾಯಿಸಿ ಮೆಟ್ಟಿಲ ಬಳಿ ಇಡುತ್ತಿದ್ದರು. ಜ್ವರವಾಗಲಿ, ಕೆಮ್ಮಾಗಲಿ, ಬಂದವರು ಮೊದಲು ಕಾಲು ತೊಳೆಯಬೇಕು. ಗದ್ದೆಯ ಕೆಸರಿನಿಂದ ನೇರ ಬರುವ ಜನ. ಬಗ್ಗಲಾಗದವರ ಕಾಲನ್ನು ಅವರೇ ತೊಳೆಯುತ್ತಿದ್ದರು.

ವಯನಾಡು ಜಿಲ್ಲೆಯಾಗಿ ಆಗ ನಾಲ್ಕು ವರ್ಷ. ಗಡಿಯ ಹತ್ತಿರದ ನಮ್ಮ ಸಣ್ಣ ಸರ್ಕಾರಿ ಆಸ್ಪತ್ರೆಯಲ್ಲಿ ಡಾಕ್ಟರ್ ದಿವಾಕರನ್ ಬಿಟ್ಟರೆ ಗಾಯಕ್ಕೆ ಮದ್ದು ಕಟ್ಟುವ ಇಂದ್ರಮ್ಮನೇ ಎಲ್ಲ.

ಆ ಜೂನಿನಲ್ಲಿ ಕಾಡಂಚಿನ ಆದಿವಾಸಿ ಹಾಡಿಯಿಂದ ಕುಳ್ಳಿ ಎಂಬವಳು ಕೆಮ್ಮೆಂದು ಬಂದಳು. ಕಾಲು ತೊಳೆಯುವಾಗ ಹಿಮ್ಮಡಿಯಲ್ಲಿ ಹುಣಸೆಬೀಜದಷ್ಟು ಕಪ್ಪು ಮಚ್ಚೆ ಕಂಡಿತು.

"ಇದೇನೇ?"

"ಗೇರೆಣ್ಣೆ ಅಕ್ಕಾ. ಒಡಕಿಗೆ ಹಚ್ಚಿದ್ದು. ಸಾರಮಿಲ್ಲ, ಏನಾಗಲ್ಲ."

ನಾಟಿಯ ಹೆಂಗಸರೆಲ್ಲ ಒಡೆದ ಹಿಮ್ಮಡಿಗೆ ಗೇರುಬೀಜದ ಸಿಪ್ಪೆಯಿಂದ ಇಳಿಸಿದ ಎಣ್ಣೆ ಹಚ್ಚುತ್ತಾರೆ. ಕಪ್ಪು ಕಲೆ ನಿಲ್ಲುತ್ತದೆ. ಹಾಗಾಗಿ ಅಂಗಾಲಿನ ಕಪ್ಪನ್ನು ಯಾರೂ ಎರಡನೇ ಸಲ ನೋಡುವುದಿಲ್ಲ.

"ಯಾವಾಗ ಹಚ್ಚಿದ್ದು?"

"ಹೋದ ವರ್ಷದ ನಾಟಿಗೆ."

ಇಂದ್ರಮ್ಮನ ಕೈ ನಿಂತಿತು. ಎಣ್ಣೆಯ ಕಲೆ ಚರ್ಮದ ಜೊತೆ ಸುಲಿದು ಹೋಗುತ್ತದೆ, ವರ್ಷ ಕಾಯುವುದಿಲ್ಲ. ಇದರ ಅಂಚು ಶಾಯಿ ಹರಡಿದಂತಿತ್ತು. ಒಂದು ಕಡೆ ಕಡುಕಪ್ಪು, ಇನ್ನೊಂದು ಕಡೆ ಬೂದು. ಡಾಕ್ಟರನ್ನು ಕರೆದರು. ಅವರು ಭೂತಗನ್ನಡಿ ಹಿಡಿದು ನೋಡಿ, ಚರ್ಮದ ಕ್ಯಾನ್ಸರ್ ಇರಬಹುದು, ಈ ವಾರವೇ ಕಲ್ಲಿಕೋಟೆಯ ದೊಡ್ಡಾಸ್ಪತ್ರೆಗೆ ಹೋಗಬೇಕು ಎಂದು ಚೀಟಿ ಬರೆದರು.

"ಎಣ್ಣೆ ಕಲೆಗೆ ಕಲ್ಲಿಕೋಟೆಯಾ!" ಕುಳ್ಳಿ ನಕ್ಕುಬಿಟ್ಟಳು. "ನಾಟಿ ಪಣಿಗೆ ಯಾರು ಹೋಗ್ತಾರೆ ಸಾರೇ, ನೀವಾ?"

ಇಂದ್ರಮ್ಮ ಎರಡು ಸಲ ಹಾಡಿಗೆ ಹೋಗಿ ಹೇಳಿದರು. ಕೇಳಲಿಲ್ಲ. ಮೂರನೆಯ ಸಲ ಏನೂ ಹೇಳದೆ, ಕುಳ್ಳಿಯ ಎಣ್ಣೆಯನ್ನೇ ತೆಗೆದು ತಮ್ಮ ಹಿಮ್ಮಡಿಗೆ ಅಷ್ಟೇ ಅಗಲ ಹಚ್ಚಿಕೊಂಡರು.

"ಅಯ್ಯೋ ಅಕ್ಕಾ, ಒಡಕಿಲ್ಲದ ಕಾಲಿಗೆ ಯಾಕೆ? ಸುಡ್ತದೆ!"

"ಸುಡ್ಲಿ. ನನ್ನ ಕಲೆ ಹೋಗೋ ಹೊತ್ತಿಗೆ ನಿಂದೂ ಹೋದ್ರೆ ನಾನು ಬಾಯಿ ಮುಚ್ಕೋತೀನಿ. ಹೋಗ್ಲಿಲ್ಲ ಅಂದ್ರೆ ಬಸ್ ಹತ್ತಬೇಕು."

ಬೊಬ್ಬೆ ಎದ್ದಿತು. ಕುಂಟುತ್ತಲೇ ಕೆಲಸ ಮಾಡಿದರು. ಹನ್ನೆರಡನೆಯ ದಿನ ಚರ್ಮ ಸುಲಿದು, ಅಡಿಯಲ್ಲಿ ಎಳೆಗೆಂಪು ಹೊಸ ಚರ್ಮ ಬಂತು. ಅವತ್ತೇ ಹಾಡಿಗೆ ಹೋಗಿ ಕುಳ್ಳಿಯ ಪಕ್ಕ ಕಾಲು ಚಾಚಿ ಕೂತರು. ಕುಳ್ಳಿ ಒಮ್ಮೆ ಆ ಹಿಮ್ಮಡಿ, ಒಮ್ಮೆ ತನ್ನದು ನೋಡಿದಳು. ಈ ಸಲ ನಗಲಿಲ್ಲ.

"ಬಸ್ಸು ಎಷ್ಟು ಗಂಟೆಗೆ ಅಕ್ಕಾ?"

ಕಲ್ಲಿಕೋಟೆಯಲ್ಲಿ ಮಚ್ಚೆಯನ್ನು ಸುತ್ತಲಿನ ಮಾಂಸ ಸಮೇತ ತೆಗೆದು, ತೊಡೆಯ ಚರ್ಮ ಹಾಕಿದರು. ಕ್ಯಾನ್ಸರೇ ಆಗಿತ್ತು. ದೇವರ ದಯೆ, ಆಳಕ್ಕೆ ಇಳಿದಿರಲಿಲ್ಲ. ಇಂದ್ರಮ್ಮನ ಇದ್ದಬದ್ದ ರಜೆಯೆಲ್ಲ ಕುಳ್ಳಿಯ ಮಂಚದ ಪಕ್ಕದಲ್ಲೇ ಮುಗಿದು, ಅವರ ಅರ್ಧ ಎಕರೆ ಗದ್ದೆ ನಾಟಿಯಿಲ್ಲದೆ ಉಳಿಯಿತು. ಅದು ಕಿವಿಗೆ ಬಿದ್ದದ್ದೇ ತಡ, ಕುಳ್ಳಿ ಕೋಲೂರಿಕೊಂಡು ಬಂದಳು.

"ನಿಮ್ಮ ಗದ್ದೆ ನಾನು ನೆಡ್ತೀನಿ ಅಕ್ಕಾ. ಕೂಲಿ ಬೇಡ."

"ಹಸಿ ಗಾಯ ಇಟ್ಕೊಂಡು ಕೆಸರಿಗೆ ಇಳೀತಾಳಂತೆ! ಆ ಕೋಲು ಕೊಡು ಇಲ್ಲಿ, ನಿಂಗೇ ಬಾರಿಸ್ತೀನಿ."

"ಒಂದು ಸಾಲು?"

"ಒಂದು ಪೈರೂ ಬೇಡ. ನಡಿ ಮನೆಗೆ."