ಗಂಗವ್ವನ ಪಾಳಿ

ಗಂಗವ್ವ ಕೂತದ್ದನ್ನು ನಾನು ನೋಡಿದ್ದು ಒಂದೇ ಸಲ. ಯರಗಟ್ಟಿ ಪೇಟೆಯಲ್ಲಿ ನನ್ನದೊಂದು ಪುಟ್ಟ ಜೆರಾಕ್ಸ್ ಅಂಗಡಿ. ಆನ್‌ಲೈನ್ ಅರ್ಜಿ ತುಂಬಿಕೊಡುವುದೂ ಅಲ್ಲೇ. ಎದುರಿನ ಕಾಳಿನ ವಖಾರಿಯಲ್ಲಿ ಆಕೆ ಕಡಲೆ, ಹೆಸರು ಹಸನು ಮಾಡುವ ಕೂಲಿ. ಮೊರ ಹಿಡಿದು ಬೆಳಿಗ್ಗೆ ನಿಂತರೆ ಸಂಜೆಯವರೆಗೂ ನಿಂತೇ ಇರುವಳು. ಕೆಲಸ ಬಿಟ್ಟ ಮೇಲೂ ಕಾಲಿಗೆ ನೆಮ್ಮದಿಯಿಲ್ಲ. ಅಂಗಡಿಗೆ ಬಂದರೆ ಬಾಗಿಲಿನಿಂದ ಗೋಡೆಗೆ, ಗೋಡೆಯಿಂದ ಬಾಗಿಲಿಗೆ ಓಡಾಡುತ್ತಲೇ ಮಾತು. ನಡುನಡುವೆ ಸೆರಗಿನಿಂದ ನನ್ನ ಮಷಿನ್ ಒರೆಸಿ, ಇದ್ದ ಧೂಳಿಗೆ ಇನ್ನಷ್ಟು ಧೂಳು ಸೇರಿಸುವಳು.

"ಒಂದ ಕಡೆ ಕುಂಡ್ರು ಗಂಗವ್ವಾ, ನನ್ನ ತಲಿ ತಿರಗಾಕತ್ತೈತಿ" ಎಂದರೆ, "ಕುಂತ್ರ ಮೈ ಜಡ ಆಕ್ಕೈತ್ರಿ ಅಕ್ಕಾರ" ಎನ್ನುವಳು.

ವಖಾರಿಯ ಹೆಂಗಸರ ಭಿಶಿ ನಡೆಸುತ್ತಿದ್ದುದು ಆಕೆಯೇ. ತಿಂಗಳಿಗೊಮ್ಮೆ ಎಲ್ಲರೂ ಹಣ ಹಾಕುವುದು, ಪಾಳಿ ಬಂದವರು ಇಡೀ ಗಂಟು ಎತ್ತಿಕೊಂಡು ಹೋಗುವುದು. ಭಿಶಿ ನಡೆಸುವವರು ಮೊದಲ ಪಾಳಿ ತಾವೇ ಇಟ್ಟುಕೊಳ್ಳುವುದು ಎಲ್ಲ ಕಡೆಯ ರೂಢಿ. ಗಂಗವ್ವ ಮಾತ್ರ ಪ್ರತಿಸಲವೂ ಕೊನೆಯವಳು. "ನಡಸಾಕಿನಽ ಮೊದಲ ಎತ್ತಿದ್ರ ಉಳಿದವರ ಎದಿ ಡವಡವ ಅಂತೈತ್ರಿ. ನಾ ಹಿಂದ ಇದ್ರ ಅವರು ನಿಶ್ಚಿಂತಿ ಮಲಗ್ತಾರ" ಎನ್ನುವುದು ಆಕೆಯ ಲೆಕ್ಕ. ಈ ಒಳ್ಳೆಯತನವೇ ಮುಂದೆ ಆಕೆಗೆ ಮುಳುವಾಯಿತು ಎಂದು ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ವರ್ಷಕ್ಕೊಮ್ಮೆ ಕಂತು ಕಟ್ಟಿದರೆ ದೊಡ್ಡ ಜಡ್ಡಿಗೆ ಆಸ್ಪತ್ರೆಯ ಖರ್ಚು ಕೊಡುವ ಸರಕಾರಿ ವಿಮೆಯ ಸುದ್ದಿ ಪೇಟೆಗೆ ಬಂದಾಗ ವಖಾರಿಯ ಹೆಂಗಸರು ಮೂಗು ಮುರಿದರು. ಜಡ್ಡು ಬರುವ ಮೊದಲೇ ರೊಕ್ಕ ಕಟ್ಟಿದರೆ ಜಡ್ಡನ್ನು ಮನೆಗೆ ಕರೆದಂತೆ ಎಂದು ಒಬ್ಬಳು, ಸರಕಾರದ್ದು ಅಂದಮೇಲೆ ಪುಕ್ಕಟೆ ಕೊಡಲಿ ಎಂದು ಇನ್ನೊಬ್ಬಳು. ಗಂಗವ್ವ ಆ ಮಾತಿಗೆ ಉರಿದೆದ್ದಳು. "ಪುಕ್ಕಟೆ ತಗೊಂಡ್ರ ಆಸ್ಪತ್ರ್ಯಾಗ ಮೂಲ್ಯಾಗ ನಿಂದ್ರಸ್ತಾರ. ನಾವೂ ರೊಕ್ಕ ಕಟ್ಟೇವಿ ಅಂದ್ರ ಕೇಳಾಕ ಬಾಯಿ ಇರತೈತಿ. ಇದೂ ಒಂದ ಭಿಶಿ ಅಂತ ತಿಳ್ಕೋರಿ, ದೊಡ್ಡ ಭಿಶಿ!"

ಭಿಶಿ ಎಂದದ್ದೇ ತಡ, ಎಲ್ಲರೂ ಒಪ್ಪಿದರು. ಸಾಲಾಗಿ ನನ್ನ ಅಂಗಡಿಗೆ ಬಂದರು. ಕಾಳು ತಿಕ್ಕಿ ತಿಕ್ಕಿ ಗಂಗವ್ವನ ಹೆಬ್ಬೆರಳ ಗೆರೆಯೇ ಸವೆದಿತ್ತು. ಬೆರಳಚ್ಚಿನ ಮಷಿನ್ ಎಷ್ಟು ಹೊತ್ತಾದರೂ ಹಿಡಿಯಲಿಲ್ಲ. "ಇದಕ್ಕೂ ನನ್ನ ಗುರ್ತ ಇಲ್ಲೇನ್ರಿ?" ಎಂದು ಅದಕ್ಕೇ ಗದರಿದಳು. ಕೊನೆಗೆ ಕಿರುಬೆರಳು ಒತ್ತಿಸಿ ಆಕೆಯ ಹೆಸರನ್ನೂ ಸೇರಿಸಿದೆ.

ಪಜೀತಿ ಶುರುವಾದದ್ದು ಆಮೇಲೆ. ತಿಂಗಳುಗಳು ಕಳೆದರೂ ಯಾರಿಗೂ ಏನೂ ಆಗಲಿಲ್ಲ. ರೊಕ್ಕ ನೀರಿಗೆ ಹೋಯಿತೆಂಬ ಗುಸುಗುಸು ಎದ್ದಿತು. ಮಾತು ಕೊಟ್ಟವಳು ಗಂಗವ್ವ. ಆಕೆಗೆ ನಿದ್ದೆ ಹತ್ತಲೊಲ್ಲದು. ವಖಾರಿಯಲ್ಲಿ ಒಬ್ಬೊಬ್ಬರ ಹತ್ತಿರ ಹೋಗಿ, "ಯಾಕಬೇ, ನಿನ್ನ ಹೊಟ್ಟಿನೋವು ಈಗ ಹೆಂಗೈತಿ?" ಎಂದು ಆಸೆಯಿಂದ ಕೇಳುವಳು. ಆರಾಮ ಇದ್ದೇನೆ ಎಂದರೆ ಮುಖ ಸಪ್ಪಗೆ. ನಾನು ನಕ್ಕು ನಕ್ಕು ಸುಸ್ತಾಗುತ್ತಿದ್ದೆ.

ಕೊನೆಗೆ ಜಡ್ಡು ಬಂತು. ಬಂದದ್ದು ಕೂಡಿಯೇ ಬಂತು. ಜೊತೆಗೆ ಕೆಲಸ ಮಾಡುವ ಶಾಂತವ್ವನಿಗೆ ಪಿತ್ತಕೋಶದಲ್ಲಿ ಕಲ್ಲು. ಗಂಗವ್ವನಿಗೆ ನಾಲ್ಕು ಹೆಜ್ಜೆಗೇ ಏದುಸಿರು. ಇಲ್ಲಿನ ಡಾಕ್ಟರು ಹೃದಯದ ತೊಂದರೆ ಕಾಣುತ್ತದೆ, ತಡಮಾಡದೆ ಬೆಳಗಾವಿಗೆ ಹೋಗು ಎಂದಿದ್ದರು. ಆಕೆ ಶಾಂತವ್ವನನ್ನು ಬಸ್ಸು ಹತ್ತಿಸಿ ತಾನು ಮೊರ ಹಿಡಿದಳು.

"ನಿನಗೇನ ಹುಚ್ಚ ಹಿಡದೈತೇನು?" ಎಂದೆ. "ಇದರಾಗ ಪಾಳಿ ಇಲ್ಲ ಗಂಗವ್ವಾ. ಇಬ್ಬರೂ ಕೂಡೇ ಹೋಗಬಹುದು."

"ಎಲ್ಲಾರೂ ಕೂಡೇ ಎತ್ತಿದ್ರ ಗಂಟು ಎಲ್ಲಿ ಉಳಿತೈತ್ರಿ ಅಕ್ಕಾರ?" ನಾನು ಲೋಕವೇ ತಿಳಿಯದವಳು ಎಂಬಂತೆ ನಕ್ಕಳು. ಆಮೇಲೆ ದನಿ ತಗ್ಗಿಸಿದಳು. "ಮತ್ತ, ನಾನಽ ಮುಂದ ಹ್ವಾದ್ರ, ತನ್ನ ಜಡ್ಡಿನ ಸಲುವಾಗಿ ನಮ್ಮನ್ನೆಲ್ಲಾ ಕೂಡಿಸ್ಯಾಳ ಅಂತಾರ್ರಿ. ಶಾಂತವ್ವ ಮನಿಗೆ ಬರ್ಲಿ. ಆಮ್ಯಾಲೆ ನಾ."

ಬೈದೆ, ಮತ್ತೆ ಮತ್ತೆ ತಿಳಿಸಿ ಹೇಳಿದೆ, ಬೇರೆ ಊರಲ್ಲಿದ್ದ ಆಕೆಯ ಮಗನಿಂದಲೂ ಫೋನ್ ಮಾಡಿಸಿದೆ. ಜಪ್ಪಯ್ಯ ಅನ್ನಲಿಲ್ಲ.

ಒಂದು ಮಧ್ಯಾಹ್ನ ಬಂದವಳು ನನ್ನ ಮುರುಕು ಸ್ಟೂಲಿನ ಮೇಲೆ ತಾನಾಗಿಯೇ ಕೂತಳು. "ಒಂದ ಗಳಿಗಿ ಕುಂಡ್ರತೇನ್ರಿ" ಎಂದು ನೀರು ಕೇಳಿದಳು. ಯಾವಾಗಲೂ ಓಡಾಡುವ ಕಾಲು ಸುಮ್ಮನಿತ್ತು. ನನಗೆ ಭಯವಾಯಿತು. ನಾಳೆ ಮೊದಲನೇ ಬಸ್ಸಿಗೆ ನಾನೇ ಕರೆದೊಯ್ಯುತ್ತೇನೆ ಎಂದೆ. ತಲೆಯಾಡಿಸಿದಳು, ಹೌದೆಂದೋ ಅಲ್ಲವೆಂದೋ ತಿಳಿಯಲಿಲ್ಲ. ಬೆಳಗಾಗುವ ಮೊದಲೇ ತೀರಿಹೋದಳು.

ಮರುವರ್ಷ ಕಂತು ಕಟ್ಟಲು ಹೆಂಗಸರು ಬಂದರು. ಎಣಿಸಿದರೆ ಒಬ್ಬರ ಕಂತು ಹೆಚ್ಚಿಗೆ ಇತ್ತು. "ಗಂಗವ್ವಂದ್ರಿ" ಎಂದಳು ಶಾಂತವ್ವ. ಭಿಶಿಯಲ್ಲಿ ಸತ್ತವರ ಪಾಳಿ ಅವರ ಮನೆಗೆ ಸೇರುತ್ತದೆ. ಅಲ್ಲಿಯವರೆಗೆ ಉಳಿದವರು ಅವರ ಹೆಸರಿನಲ್ಲಿ ಹಾಕುತ್ತಲೇ ಇರಬೇಕು. "ಆಕಿ ಇನ್ನೂ ಎತ್ತಿಲ್ಲಲ್ರಿ."

ಸತ್ತವರದು ಇದರಲ್ಲಿ ನಡೆಯುವುದಿಲ್ಲ ಎಂದೆ. ಇದರಲ್ಲಿ ಪಾಳಿಯೇ ಇಲ್ಲ, ಜಡ್ಡು ಬಂದವರೆಲ್ಲ ಒಂದೇ ದಿನ ಹೋದರೂ ಆಗುತ್ತದೆ ಎಂದು ಗಂಗವ್ವನಿಗೆ ಹೇಳಿದ್ದನ್ನೇ ಅವರಿಗೂ ಬಿಡಿಸಿ ಹೇಳಿದೆ. ಶಾಂತವ್ವ ನನ್ನ ಮುಖವನ್ನೇ ನೋಡಿದಳು.

"ಹಂಗಾರ ಆವತ್ತ ನಾವಿಬ್ರೂ ಒಂದಽ ಬಸ್ಸಿಗೆ ಹೋಗಬಹುದಿತ್ತೇನ್ರಿ?"

ಹೂಂ ಎಂದೆ. ಆಕೆಗೆ ಸ್ಟೂಲು ಸರಿಸಿಕೊಟ್ಟೆ. ಆಕೆ ಕೂರಲಿಲ್ಲ.