ಹೂಳೆತ್ತಿದವರಿಗೆ ಊಟ

ಹಗ್ಗ ಇನ್ನೂ ಇಳಿಯುತ್ತಲೇ ಇತ್ತು. ಬೆಳಗಿನ ಏಳೂವರೆಗೆ ಜಟ್ಟಪ್ಪ ದೊಡ್ಡಕೆರೆಯ ಅಂಗಳದಲ್ಲಿ, ಯಂತ್ರ ಅಗೆದ ಗುಂಡಿಯ ಅಂಚಿಗೆ ಕುಕ್ಕರುಗಾಲಲ್ಲಿ ಕೂತು, ತುದಿಗೆ ಕಲ್ಲು ಕಟ್ಟಿದ ಹಗ್ಗವನ್ನು ನಿಧಾನವಾಗಿ ಬಿಡುತ್ತಿದ್ದರು. ಪಕ್ಕದಲ್ಲಿ ಚೈತ್ರಶ್ರೀ ಗಂಟು ಎಣಿಸುತ್ತಿದ್ದರು. ಮೀಟರಿಗೊಂದು ಗಂಟು. ಏಳನೆಯದು ಕೈ ದಾಟಿದ ಮೇಲೆ ಕಲ್ಲು ತಳ ಮುಟ್ಟಿತು. ಕೆಳಗೆ ನೀರಿರಲಿಲ್ಲ. ಹೋದ ಮಳೆಗಾಲದಲ್ಲಿ ಕೋಡಿ ಬಿದ್ದಿದ್ದ ಕೆರೆ ದೀಪಾವಳಿ ಕಳೆಯುವುದರೊಳಗೆ ಬರಿದಾಗಿತ್ತು. ಈಗ ಫೆಬ್ರುವರಿಯ ಕೊನೆ.

ಚೈತ್ರಶ್ರೀ ಶಿಕಾರಿಪುರದ ಕಾಲೇಜೊಂದರಲ್ಲಿ ಭೂಗೋಳ ಕಲಿಸುತ್ತಾರೆ. ಸೊರಬ, ಶಿಕಾರಿಪುರ ಎರಡೂ ತಾಲ್ಲೂಕುಗಳಲ್ಲಿ ಮಣ್ಣು, ಗರಸು, ಕಲ್ಲು ಯಾವ ಊರಿಂದ ಎದ್ದು ಯಾವ ಊರಿಗೆ ಹೋಗುತ್ತದೆ, ರಸ್ತೆ ಯಾರಿಗೆ ಬಂತು, ಗುಂಡಿ ಯಾರಿಗೆ ಉಳಿಯಿತು ಎಂಬುದು ಅವರ ಪಿಎಚ್.ಡಿ. ಸಂಶೋಧನೆ. ಮೂರು ವರ್ಷದಲ್ಲಿ ಅವರು ಅಳೆದ ಮೂವತ್ತೊಂದನೆಯ ಗುಂಡಿ ಇದು.

"ನಮ್ಮ ಮಣ್ಣು ಎಲ್ಲಿಗೆ ಹೋತು ಅಂತ ಗೊತ್ತಾತನಾ ಮೇಡಂ?" ಜಟ್ಟಪ್ಪ ಕೇಳಿದರು.

"ಭಾಳಷ್ಟು ಬೈಪಾಸಿಗೆ ಹೋಗೈತಿ ಜಟ್ಟಪ್ಪಣ್ಣ. ಉಳಿದಿದ್ದು ಇಟ್ಟಿಗಿ ಭಟ್ಟಿಗೆ, ಶಿರಾಳಕೊಪ್ಪದ ಹೊಸ ಬಡಾವಣೆಗೆ. ನಮ್ಮಪ್ಪ ಅಲ್ಲೇ ಸೈಟು ತಗೊಂಡು ಮನಿ ಕಟ್ಟಿಸ್ಯಾರ. ನಮ್ಮ ಮನಿ ಕೆಳಗೂ ಇದೇ ಕೆರೆ ಐತಿ."

ಜಟ್ಟಪ್ಪ ಹಗ್ಗ ಸುತ್ತಿಕೊಳ್ಳುತ್ತ ಹೇಳಿದರು, "ಗಟ್ಟಿ ಮಣ್ಣು. ಮನೆ ಕುಸಿಯೂದಿಲ್ಲ ಬಿಡಿ."

ಜಟ್ಟಪ್ಪನವರಿಗೆ ಅರವತ್ತಮೂರು. ಸೊರಬ ತಾಲ್ಲೂಕಿನ ನೇರಲೆಕೊಪ್ಪಕ್ಕೆ ಅವರು ಮೂರನೇ ತಲೆಮಾರಿನ ನೀರುಗಂಟಿ. ಕೆರೆಯ ತೂಬು ತೆರೆಯುವುದು, ಮುಚ್ಚುವುದು, ಕೆಳಗಿನ ಗದ್ದೆಗಳಿಗೆ ಸರದಿಯ ಮೇಲೆ ನೀರು ಹಾಯಿಸುವುದು ಅವರ ಕೆಲಸ. ಸುಗ್ಗಿಯಲ್ಲಿ ಗದ್ದೆಯವರು ಅವರಿಗೆ ಭತ್ತ ಅಳೆಯುತ್ತಾರೆ. ತೂಬಿನ ಎರಡು ಕಂಬಗಳ ನಡುವೆ ಅಡ್ಡಕ್ಕೆ ಮೂರು ಕಲ್ಲಿನ ಹಲಗೆಗಳಿವೆ. ನೀರು ಯಾವ ಹಲಗೆಗಿದೆ ಎಂದು ನೋಡಿ ಬೇಸಿಗೆ ಬೆಳೆ ಹಾಕಬಹುದೋ ಬೇಡವೋ ಎಂದು ಅವರು ಹೇಳುತ್ತಿದ್ದರು. ಊರು ಅದರಂತೆ ನಡೆಯುತ್ತಿತ್ತು.

ಈಗ ನೋಡಲು ದೊಡ್ಡಕೆರೆಯಲ್ಲಿ ನೀರಿಲ್ಲ. ಊರಿಗೆ ಉಳಿದಿರುವುದು ಮೇಲ್ಕೆರೆ ಒಂದೇ. ಆ ಕೆರೆಯ ಹೂಳೆತ್ತಲು, ದೊಡ್ಡಕೆರೆಯನ್ನು ಅಗೆದ ಗುತ್ತಿಗೆದಾರನೇ ಅರ್ಜಿ ಹಾಕಿದ್ದಾನೆ. ಸೋಮವಾರದ ಗ್ರಾಮಸಭೆ ಒಪ್ಪಿದರೆ ಮಂಗಳವಾರ ಯಂತ್ರ ಇಳಿಯುತ್ತದೆ.

ಒಪ್ಪುವುದಕ್ಕೆ ಊರಿಗೆ ಹಳೆಯ ಕಾರಣವೊಂದಿದೆ: ಹೂಳೆತ್ತಲು ಬಂದವರನ್ನು ಅದು ಬೇಡ ಎನ್ನುವುದಿಲ್ಲ. ಕೆರೆಯಿಂದ ಒಂದು ಬುಟ್ಟಿ ಹೂಳು ಹೊತ್ತವನು ಯಾವ ಊರಿನವನೇ ಆಗಲಿ, ಅವತ್ತು ನೇರಲೆಕೊಪ್ಪದಲ್ಲಿ ಉಣ್ಣಬೇಕು. ಯಾರು, ಯಾಕೆ ಬಂದೆ ಎಂದು ಕೇಳುವುದು ಮರ್ಯಾದೆಯಲ್ಲ. ಹೂಳೆತ್ತುವಷ್ಟು ದಿನ ಮನೆಮನೆಗೆ ಅಡುಗೆಯ ಸರದಿ ಬೀಳುತ್ತದೆ. ಎರಡು ವರ್ಷದ ಹಿಂದೆ ಸರ್ಕಾರದ ಯೋಜನೆಯಲ್ಲಿ ಯಂತ್ರಗಳು ಬಂದಾಗಲೂ ಊರು ಹಾಗೇ ನಡೆದುಕೊಂಡಿತು. ನಲವತ್ತು ವರ್ಷದ ನಂತರ ಹೂಳೆತ್ತುತ್ತಿದ್ದಾರೆ ಎಂಬ ಸಂತೋಷಕ್ಕೆ ಡ್ರೈವರುಗಳಿಗೆ ಅಕ್ಕಿ ರೊಟ್ಟಿ, ಸೊಪ್ಪಿನ ಪಲ್ಯ, ಎರಡು ಸೋಮವಾರ ಪಾಯಸ.

ಮೊದಲ ನಾಲ್ಕು ದಿನ ಕಪ್ಪು ಹೂಳು ಗದ್ದೆಗಳಿಗೆ ಬಂತು. ಐದನೇ ದಿನ ಬರುವುದು ನಿಂತಿತು. ಯಂತ್ರ ಹೂಳು ದಾಟಿ ಜೇಡಿಮಣ್ಣಿಗೆ ಇಳಿದಿತ್ತು. ನೀರು ಇಂಗದಂತೆ ಹಿಡಿದಿಡುವುದು ಆ ಜೇಡಿಯ ಪದರ. ಅದು ಇಟ್ಟಿಗೆ ಭಟ್ಟಿಗಳಿಗೆ ಹೋಯಿತು. ಅದರ ಕೆಳಗಿನ ಗರಸು ರಸ್ತೆಗೆ ಹೋಯಿತು. ಐವತ್ತಮೂರು ದಿನ ಟಿಪ್ಪರುಗಳು ಓಡಿದವು. ಹದಿನೆಂಟು ಕಿಲೋಮೀಟರು ಆಚೆ ನಾಲ್ಕು ಲಾರಿ ಒಟ್ಟಿಗೆ ಹೋಗುವ ರಸ್ತೆ ಎದ್ದು ನಿಂತಿತು. ನೇರಲೆಕೊಪ್ಪದ ಡಾಂಬರು ಅದೇ ಟಿಪ್ಪರುಗಳ ಭಾರಕ್ಕೆ ಕಿತ್ತುಹೋಯಿತು, ದಿನಕ್ಕೆರಡು ಸಲ ಬರುತ್ತಿದ್ದ ಬಸ್ಸು ನಿಂತಿತು. ಈಗ ಹೆರಿಗೆ ನೋವು ಬಂದವರೂ ಎರಡು ಮೈಲಿ ಆಚೆಯ ಕ್ರಾಸಿಗೆ ಹೋಗಿ ಬಸ್ಸು ಕಾಯಬೇಕು. ಆ ಐವತ್ತಮೂರು ದಿನವೂ ಊರು ಊಟ ಹಾಕಿತ್ತು.

ಅಳತೆ ಮುಗಿದ ಮೇಲೆ ಚೈತ್ರಶ್ರೀ ಏರಿಯ ಮೇಲೆ ಕೂತು, ಆ ಯೋಜನೆಯ ಮೌಲ್ಯಮಾಪನ ವರದಿಯನ್ನು ಓದಿ ಹೇಳಿದರು. ದೂರದ ಸಂಸ್ಥೆಯೊಂದು ಬರೆದದ್ದು. ಅದನ್ನು ಬರೆದವರು ಊರಿಗೆ ಬಂದಿದ್ದು ಒಂದು ಮಧ್ಯಾಹ್ನ. ನೇರಲೆಕೊಪ್ಪಕ್ಕೆ ಅದರಲ್ಲಿ ಒಂದು ಪುಟ ಸಿಕ್ಕಿದೆ. 'ಹಲವು ವರ್ಷಗಳಿಂದ ಬತ್ತಿ ನಿರುಪಯುಕ್ತವಾಗಿದ್ದ ಕೆರೆ. ಗ್ರಾಮಸ್ಥರು ಸ್ವಯಂಪ್ರೇರಿತರಾಗಿ ಆಹಾರ ಒದಗಿಸಿ ಕಾಮಗಾರಿಯ ಪ್ರತಿ ಹಂತದಲ್ಲೂ ಸಹಭಾಗಿಗಳಾದರು. ಮಾದರಿ ಗ್ರಾಮ.' ಕೆಳಗೊಂದು ಫೋಟೊ. ಜಟ್ಟಪ್ಪನವರ ಹೆಂಡತಿ ಮೂಕಮ್ಮ ಸೌಟು ಹಿಡಿದು ಡ್ರೈವರನ ತಟ್ಟೆಗೆ ಪಾಯಸ ಬಡಿಸುತ್ತಿದ್ದಾರೆ. ಮೇಲ್ಕೆರೆಯ ಅರ್ಜಿಗೂ ಗುತ್ತಿಗೆದಾರ ಇದೇ ಪುಟವನ್ನು ಲಗತ್ತಿಸಿದ್ದ.

ಜಟ್ಟಪ್ಪ ಆ ಮೊದಲ ಸಾಲನ್ನು ಇನ್ನೊಮ್ಮೆ ಓದಿಸಿಕೊಂಡರು.

"ಬತ್ತಿರಲಿಲ್ಲ ಮೇಡಂ. ಮಿಷನ್ನು ಬರೂಕೆ ಮುಂಚೆ ನೀರು ಎರಡನೇ ಹಲಗೆಗೆ ಇತ್ತು. ತೂಬು ತೆಗೆದವ ನಾನು."

ವಿಷಯ ಹೀಗಿತ್ತು. ಗುತ್ತಿಗೆದಾರನ ಕಡೆಯ ಮಹಾಂತೇಶ್ ಎಂಬವನು ಬಂದು, ಕೆರೆ ಖಾಲಿಯಿಲ್ಲದಿದ್ದರೆ ಕೆಲಸ ಬೇರೆ ಊರಿಗೆ ಹೋಗುತ್ತದೆ, ತಡ ಮಾಡಬೇಡಿ ಎಂದಿದ್ದ. ಒಂದು ಬೆಳೆಯ ನೀರು ಹೋದರೆ ಹೋಗಲಿ, ಮೊಮ್ಮಕ್ಕಳ ಕಾಲಕ್ಕೆ ಕೆರೆ ಆಗುತ್ತದೆ ಎಂದು ಜಟ್ಟಪ್ಪ ಲೆಕ್ಕ ಹಾಕಿದರು. ಊರನ್ನು ಕೇಳಲಿಲ್ಲ. ಬೆಳಕು ಹರಿಯುವ ಮೊದಲೇ ನೀರಿಗಿಳಿದು ತೂಬಿನ ಬಾಯಿ ಮುಚ್ಚಿದ್ದ ಮರ ಎತ್ತಿದರು. ಎಂಟು ದಿನದಲ್ಲಿ ಕೆರೆ ಹರಿದುಹೋಯಿತು. ಕೆಳಗೆ ಬೇಸಿಗೆ ಭತ್ತದ ಸಸಿ ಮಡಿ ಎದ್ದಿತ್ತು, ಅದು ಒಣಗಿತು. ಕೇಳಿದವರಿಗೆ ತೂಬಿನ ಮರ ಕೊಳೆತು ಸೋರಿತು ಎಂದು ಹೇಳಿದರು. ಅವರ ಮಾತನ್ನು ಯಾರೂ ಪ್ರಶ್ನಿಸಲಿಲ್ಲ. ಮೂರು ತಲೆಮಾರಿನ ನಂಬಿಕೆ ಅದು.

ಚೈತ್ರಶ್ರೀಗೆ ಇದರ ತೂಕ ಕೂಡಲೇ ತಿಳಿಯಿತು. ನೀರಿದ್ದ ಕೆರೆಯನ್ನು ಬತ್ತಿದ ಕೆರೆ ಎಂದು ಬರೆದದ್ದರಿಂದಲೇ ಎಷ್ಟು ಆಳಕ್ಕೆ ಅಗೆದರೂ ಯಾರೂ ಕೇಳಲಿಲ್ಲ. ನೀರಿದ್ದದ್ದು ಊರಿಗೆಲ್ಲ ಗೊತ್ತು, ಅದನ್ನು ಗುತ್ತಿಗೆದಾರನ ಕಡೆಯವರ ಮಾತಿಗೆ ಬೇಕೆಂದೇ ಹರಿಸಿದ್ದು ಎಂದು ಹೇಳಬಲ್ಲವರು ಇವರೊಬ್ಬರೇ. ಆದರೆ ಚೈತ್ರಶ್ರೀ ಒತ್ತಾಯಿಸಲಿಲ್ಲ. ತನ್ನ ಪ್ರಬಂಧಕ್ಕೆ ಇದು ಬೇಕೇ ಬೇಕು ಎಂಬುದೇ ಅವರ ಸಂಕೋಚವಾಗಿತ್ತು. ಹೇಳಿದರೆ ನಿಮಗೇನಾಗುತ್ತದೆ ಎಂದು ಮಾತ್ರ ಕೇಳಿದರು. ನೀರುಗಂಟಿ ಸುಳ್ಳು ಹೇಳಿದ ಅಂತಾದರೆ ಯಾರು ತೂಬು ಮುಟ್ಟಲು ಬಿಡುತ್ತಾರೆ ಎಂದರು ಜಟ್ಟಪ್ಪ.

ಮನೆಯಲ್ಲಿ ಮೂಕಮ್ಮ ಫೋಟೊದ ಪುಟವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಸೀರೆ ಗುರುತು ಸಿಕ್ಕಿತು. ಗಂಡ ತೂಬಿನ ವಿಷಯ ತೊದಲುತ್ತ ಹೇಳಿದಾಗ ಅವರೇನೂ ಬೆಚ್ಚಲಿಲ್ಲ.

"ಅವತ್ತೇ ಗೊತ್ತಾಗಿತ್ತು. ಸೋರಿದ ತೂಬು ನೋಡಿಬಂದೋರ ಬಟ್ಟೆ ಎದೆಮಟ್ಟ ಒದ್ದೆ ಆಗ್ತದನಾ?" ಎಂದರು. ಆಮೇಲೆ ಪುಟವನ್ನು ಗಂಡನ ಮುಂದಿಟ್ಟು, "ಪಾಯಸಕ್ಕೆ ಸಾಕ್ಷಿಯಾಗಿ ನನ್ನ ಪಟ ಹಾಕ್ಯಾರೆ. ನೀರು ಬಿಟ್ಟಿದ್ದಕ್ಕೆ ಸಾಕ್ಷಿ ನೀವು ಒಬ್ಬರೇ. ನೀವು ಸುಮ್ಮನಿದ್ರೆ ಈ ಪಟನೇ ನಿಜ ಆಗ್ತದೆ" ಎಂದರು.

ಸೋಮವಾರ ಶಾಲೆಯ ಜಗಲಿಯಲ್ಲಿ ಸಭೆ ಸೇರಿತು. ಪಂಚಾಯಿತಿ ಅಧಿಕಾರಿ ಶರಣ್ಯ ಅರ್ಜಿ ಓದಿದರು. ಮಹಾಂತೇಶ್ ಇಸ್ತ್ರಿ ಮಾಡಿದ ಅಂಗಿಯಲ್ಲಿ ಬಂದಿದ್ದ. ದೊಡ್ಡಕೆರೆಯ ಬಗ್ಗೆ ಒಬ್ಬಿಬ್ಬರು ಗೊಣಗಿದಾಗ ಅವನು ನಗುತ್ತಲೇ ಹೇಳಿದ, "ಅಲ್ರೀ, ಬೇಡ ಆಗಿದ್ರೆ ಊಟ ಯಾಕೆ ಹಾಕಿದ್ರಿ? ಒಂದ್ ದಿನನಾದ್ರೂ ನಿಲ್ಸಿ ಅಂದ್ರಾ?"

ಗೊಣಗು ನಿಂತಿತು. ಆ ಮಾತು ಬಂದದ್ದು ಉಂಡವನ ಬಾಯಿಂದ. ತಮ್ಮ ಅನ್ನವನ್ನೇ ತಮ್ಮ ಒಪ್ಪಿಗೆ ಎಂದು ಬರೆದುಕೊಳ್ಳುತ್ತಾರೆಂದು ಯಾವ ಹಿರಿಯರೂ ಊರಿನವರಿಗೆ ಹೇಳಿಕೊಟ್ಟಿರಲಿಲ್ಲ.

ಆಗ ಜಟ್ಟಪ್ಪ ಎದ್ದು ನಿಂತರು. ಯಾವ ದಿನ ತೂಬು ತೆಗೆದದ್ದು, ಯಾರು ಹೇಳಿದ್ದು, ನೀರು ಯಾವ ಹಲಗೆಗಿತ್ತು, ಎಷ್ಟು ದಿನ ಹರಿಯಿತು, ಕೇಳಿದವರಿಗೆ ತಾನೇನು ಹೇಳಿದೆ ಎಂಬುದನ್ನು ಒಂದೊಂದಾಗಿ ಹೇಳಿದರು. ಕ್ಷಮಿಸಿ ಎನ್ನಲಿಲ್ಲ. ಹೂಳೆತ್ತುವವನಿಗೆ ಹೂಳು ಸಾಕು, ಜೇಡಿ ಎತ್ತುವವನು ಕೆರೆ ಕದಿಯಲು ಬಂದವನು ಎಂದು ಮಹಾಂತೇಶನ ಕಡೆ ನೋಡದೆಯೇ ಹೇಳಿ ಕೂತರು.

ಮೊದಲು ಮಾತಾಡಿದವನು ತಿಪ್ಪೇಶ. ಅವನ ಒಂದೂವರೆ ಎಕರೆಯ ಸಸಿ ಆ ವರ್ಷ ಒಣಗಿತ್ತು.

"ತೂಬಿಗೆ ಹೊಸ ಮರ ಬೇಕು ಅಂದೆಯಲ್ಲ ಜಟ್ಟಪ್ಪಣ್ಣ, ಹಿತ್ಲ ಹಲಸು ಕಡಿಸಿ ಕೊಟ್ಟೆ ನಾನು. ಹಣ್ಣು ಬಿಡ್ತಿತ್ತು ಅದು. ಅವತ್ತಾದ್ರೂ ಬೇಡ ಅನ್ನಬಾರದಿತ್ತಾ?"



ಮಹಾಂತೇಶ್ ಬಾಯಿಮಾತಿಗೆ ಬೆಲೆಯಿಲ್ಲ ಎಂದ. ಹಾಗಾದರೆ ಬರೆದುಕೊಳ್ಳುತ್ತೇನೆ ಎಂದು ಶರಣ್ಯ ಪೆನ್ನು ತೆಗೆದರು. ಹೇಳಿಕೆಯನ್ನು ಓದಿ ಹೇಳಿ, ಜಟ್ಟಪ್ಪನವರ ರುಜು ಹಾಕಿಸಿಕೊಂಡರು. ಚೈತ್ರಶ್ರೀ ಗುಂಡಿಗಳ ಅಳತೆಯ ಪಟ್ಟಿ ಕೊಟ್ಟರು. ಕೈ ಎತ್ತಲು ಹೇಳಿದಾಗ ಮೇಲ್ಕೆರೆಯ ಅರ್ಜಿಯ ಪರ ನಾಲ್ಕು ಕೈ ಎದ್ದವು. ವಿರುದ್ಧ ಎದ್ದ ಕೈಗಳಲ್ಲಿ ತಿಪ್ಪೇಶನದೂ ಇತ್ತು.

ಸಭೆ ಇನ್ನೊಂದು ತೀರ್ಮಾನವನ್ನೂ ಮಾಡಿತು. ಅದನ್ನು ಸೂಚಿಸಿದವನು ತಿಪ್ಪೇಶನೇ. ಜಟ್ಟಪ್ಪ ತಕರಾರು ಮಾಡಲಿಲ್ಲ.

ದೊಡ್ಡಕೆರೆಯ ಗುಂಡಿಗಳನ್ನು ಅಧಿಕಾರಿಗಳು ಅಳೆಯಲು ಮಾರ್ಚ್ ಹದಿನೆಂಟು ನಿಗದಿಯಾಗಿದೆ, ಜಟ್ಟಪ್ಪ ಸಾಕ್ಷಿಯಾಗಿ ಹಾಜರಿರಬೇಕು. ಸಭೆಯ ಆ ತೀರ್ಮಾನದಂತೆ, ಈ ಮಳೆಗಾಲದಿಂದ ಮೇಲ್ಕೆರೆಯ ತೂಬನ್ನು ಜಟ್ಟಪ್ಪನವರ ಬದಲು ಪುಟ್ಟಪ್ಪ ಎಂಬವರು ನೋಡಿಕೊಳ್ಳುತ್ತಾರೆ.